ಐದನೇ ದಿನ ಹೊನ್ನಾವರದಲ್ಲೇ ಉಳಿದೆ

ಬೆಳಗ್ಗೆ ನಾಲ್ಕೂವರೆಗೆ ಎಚ್ಚರವಾಯಿತು. ಅಲಾರಾಂ ಇಟ್ಟಿರಲಿಲ್ಲ. ನಾಲ್ಕು ದಿನದಿಂದ ಸೈಕಲ್ ತುಳಿಯೋಕೆ ಅದೇ ಹೊತ್ತಿಗೆ ಎದ್ದಿದ್ದಕ್ಕೆ ಮೈ ತಾನಾಗಿಯೇ ಎದ್ದು ಕೂತಿತ್ತು. ಕತ್ತಲಲ್ಲಿ ಕೈ ಹೆಲ್ಮೆಟ್ಟಿನ ಕಡೆ ಹೋಯಿತು, ಆಮೇಲೆ ನೆನಪಾಯಿತು, ಇವತ್ತು ಹೊರಡೋದಿಲ್ಲ.

ಮಲಗಿದಲ್ಲೇ ಮಣಿಕಟ್ಟು ಹಿಡಿದು ನಾಡಿ ಎಣಿಸಿದೆ. ನಿಮಿಷಕ್ಕೆ 71. ಮನೆಯಲ್ಲಿ ಬೆಳಗ್ಗೆ ಏಳುವಾಗ ನನಗೆ 58ರ ಆಸುಪಾಸು ಇರುತ್ತದೆ. ಏಳುವಾಗಿನ ನಾಡಿ ದಿನನಿತ್ಯಕ್ಕಿಂತ ಹೀಗೆ ಏರಿದ್ದರೆ ಮೈ ಇನ್ನೂ ಸುಧಾರಿಸಿಕೊಂಡಿಲ್ಲ ಅಂತ ಲೆಕ್ಕ. ಹಾಸಿಗೆಯಿಂದ ಕಾಲು ಕೆಳಗಿಟ್ಟಾಗ ಪಾದ ಸ್ವಲ್ಪ ಊದಿಕೊಂಡಿದ್ದು ಕಂಡಿತು. ಎಡ ಮಂಡಿ ಮಡಚಿದರೆ ಚಿಪ್ಪಿನ ಕೆಳಗೆ ಒಂದು ಚುಚ್ಚು. ನೀರು ಕುಡಿದು ಮತ್ತೆ ಮಲಗಿದೆ. ಎಂಟಕ್ಕೆ ಎದ್ದೆ.

ಬೆಂಗಳೂರಿನಿಂದ ಹೊರಟು, ತುಮಕೂರಿನಿಂದ ಮುಂದೆ ಹಳೆಯ ರಾಷ್ಟ್ರೀಯ ಹೆದ್ದಾರಿ 206ರ ದಾರಿ ಹಿಡಿದಿದ್ದೆ. ಮೊದಲ ದಿನ ತಿಪಟೂರು. ಎರಡನೇ ದಿನ ಅರಸೀಕೆರೆ, ಕಡೂರು, ಬೀರೂರು ದಾಟಿ ತರೀಕೆರೆ. ಮೂರನೇ ದಿನ ಭದ್ರಾವತಿ, ಶಿವಮೊಗ್ಗ ದಾಟಿ ಸಾಗರ. ನಾಲ್ಕನೇ ದಿನ ಜೋಗ ನೋಡಿಕೊಂಡು, ಗೇರುಸೊಪ್ಪೆ ಘಾಟಿ ಇಳಿದು ಹೊನ್ನಾವರ. ಹತ್ತಿರ ಹತ್ತಿರ 450 ಕಿಲೋಮೀಟರ್. ಇನ್ನು ಕುಂದಾಪುರ, ಉಡುಪಿ, ಮಂಗಳೂರು ಬಾಕಿ. ಅದಾದ ಮೇಲೆ ಚಾರ್ಮಾಡಿ ಘಾಟಿ ಹತ್ತಿ ಮೂಡಿಗೆರೆ, ಬೇಲೂರು, ಹಾಸನದ ಮೇಲೆ ಮನೆ. ಸೈಕಲ್ ಮೇಲೆ ಹನ್ನೆರಡು ಕಿಲೋ ಸಾಮಾನು. ಚಾರ್ಮಾಡಿ ಹತ್ತುವ ದಿನ ಕಾಲಲ್ಲಿ ಶಕ್ತಿ ಇರಬೇಕು ಅಂದರೆ ಮಧ್ಯೆ ಎಲ್ಲೋ ಒಂದು ದಿನ ನಿಲ್ಲಲೇಬೇಕು. ಅದು ಹೊನ್ನಾವರ ಅಂತ ಮನೆಯಲ್ಲೇ ಬರೆದಿಟ್ಟುಕೊಂಡಿದ್ದೆ.

ಬರೆದಿಟ್ಟುಕೊಳ್ಳೋಕೆ ಕಾರಣ ಹಿಂದಿನ ವರ್ಷದ ಹಂಪಿ. ಆಗ ಚಿತ್ರದುರ್ಗದ ಮೇಲೆ ಹೊಸಪೇಟೆಗೆ ಹೋಗಿ, ಮಾರನೇ ದಿನ ವಿಶ್ರಾಂತಿ ಅಂತ ಇಟ್ಟುಕೊಂಡಿದ್ದೆ. ಹಂಪಿಯಲ್ಲಿ ಇದ್ದುಕೊಂಡು ಕೋಣೆಯಲ್ಲಿ ಮಲಗೋಕೆ ಆಗುತ್ತಾ? ಬೆಳಗಿನ ಸೂರ್ಯನಿಗೆ ಮಾತಂಗ ಬೆಟ್ಟ ಹತ್ತಿದೆ. ಅಲ್ಲಿಂದ ಅಚ್ಯುತರಾಯ ದೇವಸ್ಥಾನ, ನದಿ ದಂಡೆಯಲ್ಲೇ ನಡೆದು ವಿಠ್ಠಲ ದೇವಸ್ಥಾನ. ಸಂಜೆ ಹೊಳೆಯಾಚೆ ಅಂಜನಾದ್ರಿಯ 575 ಮೆಟ್ಟಿಲು. ಪೆಡಲ್ ಮುಟ್ಟಲಿಲ್ಲ, ಹಾಗಾಗಿ ವಿಶ್ರಾಂತಿ ಅಂತಲೇ ಅಂದುಕೊಂಡಿದ್ದೆ. ಮಾರನೇ ದಿನ ವಾಪಸ್ ಹೊರಟಾಗ ಕೂಡ್ಲಿಗಿ ತಲುಪುವ ಹೊತ್ತಿಗೆ ತೊಡೆ ಕಲ್ಲಾಗಿತ್ತು. ರಸ್ತೆ ಬದಿ ಹುಣಸೇಮರದ ಕೆಳಗೆ ಎರಡು ಗಂಟೆ ಮಲಗಿದ್ದು, ಕೊನೆಗೆ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿ ಊರಿಗೆ ಬಂದಿದ್ದು ಇನ್ನೂ ಬೇಜಾರಾಗುತ್ತದೆ. ಅವತ್ತೇ ಅರ್ಥವಾಗಿದ್ದು, ವಿಶ್ರಾಂತಿಯ ದಿನಕ್ಕೂ ಒಂದು ಶಿಸ್ತು ಇದೆ.

ಹೊನ್ನಾವರದಲ್ಲಿ ಆಸೆ ಹುಟ್ಟಿಸುವ ಜಾಗಗಳಿಗೆ ಕಡಿಮೆ ಇಲ್ಲ. ಇಡಗುಂಜಿ ಹದಿನಾಲ್ಕು ಹದಿನೈದು ಕಿಲೋಮೀಟರ್. ಅಪ್ಸರಕೊಂಡ ಇನ್ನೂ ಹತ್ತಿರ. ಮುರ್ಡೇಶ್ವರವೂ ದೂರ ಅಲ್ಲ. ದಿನಕ್ಕೆ ನೂರು ಕಿಲೋಮೀಟರ್ ತುಳಿಯುವವನಿಗೆ ಹೋಗಿ ಬಂದು ಮೂವತ್ತು ಯಾವ ಲೆಕ್ಕ ಅನ್ನಿಸುತ್ತದೆ. ಇಡಗುಂಜಿಗೆ ಹೋಗಬೇಕು ಅನ್ನೋದು ಬಹಳ ದಿನದ ಆಸೆ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಯಕ್ಷಗಾನ ಮಂಡಳಿಗೂ ಅಲ್ಲಿನ ಗಣಪತಿಯದೇ ಹೆಸರು. ಚಿಕ್ಕವನಿದ್ದಾಗ ಆ ಮೇಳದ ಆಟ ನೋಡಿದ ಮೇಲೆ ಇಡಗುಂಜಿ ಅನ್ನೋ ಹೆಸರು ತಲೆಯಲ್ಲಿ ಕೂತುಬಿಟ್ಟಿತ್ತು. ಆದರೂ ಬೇಡ ಅಂತ ಗಟ್ಟಿ ಮಾಡಿಕೊಂಡೆ.

ತಿಂಡಿಗೆ ಬಸ್ ಸ್ಟ್ಯಾಂಡ್ ಕಡೆ ನಿಧಾನ ನಡೆದು ಹೋದೆ. ಎರಡು ಬನ್ಸ್, ಆಮೇಲೆ ತೆಳ್ಳೇವು (ತೆಳು ದೋಸೆ), ಜೋನಿಬೆಲ್ಲ. ಅದು ಮುಗಿದ ಮೇಲೆ ಇನ್ನೊಂದು ಸಲ ತೆಳ್ಳೇವು. ನಿಂತ ದಿನವೇ ಹಸಿವು ಜಾಸ್ತಿ. ತುಳಿಯುವ ದಿನ ಹೊಟ್ಟೆ ಸುಮ್ನೆ ಇರುತ್ತದೆ, ಮಧ್ಯಾಹ್ನದ ಬಿಸಿಲಲ್ಲಿ ಊಟವೇ ಸೇರುವುದಿಲ್ಲ. ಸ್ನಾಯುಗಳಲ್ಲಿ ಗ್ಲೈಕೋಜನ್ ಅಂತ ಸಕ್ಕರೆಯ ದಾಸ್ತಾನು ಇರುತ್ತದೆ. ದೂರದ ಸವಾರಿಯಲ್ಲಿ ಅದು ಬರಿದಾಗುತ್ತದೆ, ಮತ್ತೆ ಪೂರ್ತಿ ತುಂಬೋಕೆ ಹೊಟ್ಟೆ ತುಂಬ ಉಂಡರೂ ಒಂದು ಇಡೀ ದಿನ ಬೇಕಾಗುತ್ತದೆ. ನಾನಂತೂ ಆ ದಿನ ಎರಡು ಗಂಟೆಗೊಮ್ಮೆ ಏನಾದರೂ ತಿಂದೆ. ಬಾಳೆಹಣ್ಣು, ಎಳನೀರು, ಅವಲಕ್ಕಿ. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಕೊನೆಗೆ ಮುರುಗಲು (ಕೋಕಂ) ಹಣ್ಣಿನ ಕಡಿ ಎರಡು ಲೋಟ. ಕಡಿಯಲ್ಲಿದ್ದ ಉಪ್ಪು ಹುಳಿ ಗಂಟಲಿಂದ ಇಳಿಯುವಾಗ ನಾಲ್ಕು ದಿನ ಬೆವರಲ್ಲಿ ಹೋಗಿದ್ದು ವಾಪಸ್ ಬಂದ ಹಾಗಿತ್ತು.

ತಿಂಡಿಯಿಂದ ಬಂದ ಮೇಲೆ ಬಟ್ಟೆ ಒಗೆದೆ. ಎರಡೇ ಜೊತೆ ಸೈಕ್ಲಿಂಗ್ ಶಾರ್ಟ್ಸ್, ಎರಡೂ ಉಪ್ಪಿನಿಂದ ಗಟ್ಟಿಯಾಗಿದ್ದವು. ಒಳಗಿನ ಪ್ಯಾಡಿನಲ್ಲಿ ಉಪ್ಪು ಉಳಿದರೆ ಚರ್ಮ ಉಜ್ಜಿ ಹುಣ್ಣಾಗುತ್ತದೆ, ಒಮ್ಮೆ ಹುಣ್ಣಾದರೆ ಪ್ರವಾಸ ಅಲ್ಲಿಗೆ ಮುಗಿದ ಹಾಗೆ. ಕರಾವಳಿಯ ಗಾಳಿಯಲ್ಲಿ ದಪ್ಪ ಪ್ಯಾಡು ಬೇಗ ಒಣಗೋದಿಲ್ಲ. ಒಣ ಟವೆಲ್ಲಿನೊಳಗೆ ಸುತ್ತಿ, ಮೇಲೆ ನಿಂತು ತುಳಿದರೆ ಅರ್ಧ ನೀರು ಟವೆಲ್ಲಿಗೆ ಹೋಗುತ್ತದೆ. ಆಮೇಲೆ ಒಳಮೈ ಹೊರಗೆ ಮಾಡಿ ತಾರಸಿಯ ಬಿಸಿಲಿಗೆ ಹಾಕಿದೆ. ಬೆರಳುಗಳ ವಿಷಯವೂ ಆಗಲೇ ಗಮನಕ್ಕೆ ಬಂತು. ಬಲಗೈಯ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿದಿದ್ದವು, ಬಟ್ಟೆ ಹಿಂಡೋಕೆ ಹಿಡಿತ ಸಿಗುತ್ತಿರಲಿಲ್ಲ. ಹ್ಯಾಂಡಲ್ ಮೇಲೆ ದಿನಗಟ್ಟಲೆ ಭಾರ ಹಾಕಿದಾಗ ಅಂಗೈ ಬುಡದಲ್ಲಿ ಹಾಯುವ ನರ ಒತ್ತಿಹೋಗುತ್ತದೆ. ಹೆದರುವಂಥದ್ದಲ್ಲ, ಆದರೆ ಅಸಡ್ಡೆ ಮಾಡುವಂಥದ್ದೂ ಅಲ್ಲ. ಹ್ಯಾಂಡಲ್ಲಿಗೆ ಇನ್ನೊಂದು ಸುತ್ತು ಟೇಪು ಸುತ್ತಬೇಕು ಅಂದುಕೊಂಡೆ.

ಲಾಡ್ಜಿನ ಹಿಂದೆ ಒಂದು ತೆಂಗಿನಮರದ ನೆರಳಿತ್ತು. ಸೈಕಲ್ಲನ್ನು ಅಲ್ಲಿಗೆ ತಂದು ತಲೆಕೆಳಗೆ ನಿಲ್ಲಿಸಿದೆ. ಲಾಡ್ಜ್ ನೋಡಿಕೊಳ್ಳುವ ಹಿರಿಯರು ಬಂದು, "ಎಂತ, ಸೈಕಲ್ ಕೆಟ್ಟಿತಾ?" ಅಂದರು. ಇಲ್ಲ, ಇವತ್ತು ರಜೆ ಅಂದೆ. ಹಾಗಾದರೆ ಹುಷಾರಿಲ್ಲವಾ ಅಂದರು. ಹತ್ತು ನಿಮಿಷದ ಹಿಂದೆ ಫೋನಿನಲ್ಲಿ ಹೆಂಡತಿಯೂ ಅದನ್ನೇ ಕೇಳಿದ್ದಳು. "ಇವತ್ತು ಎಷ್ಟು ಕಿಲೋಮೀಟರ್?" ಅಂತ ಅವಳು, "ಸೊನ್ನೆ" ಅಂತ ನಾನು, "ಯಾಕೆ, ಏನಾಯ್ತು?" ಅಂತ ಅವಳ ದನಿ ಒಮ್ಮೆಲೇ ಸಣ್ಣದಾಯಿತು. ಏನೂ ಆಗಿಲ್ಲ, ಏನೂ ಆಗಬಾರದು ಅಂತಲೇ ನಿಂತಿದ್ದು ಅಂತ ಬಿಡಿಸಿ ಹೇಳಿದ ಮೇಲೆ ಸಮಾಧಾನ ಆಯಿತು.

ಹಿರಿಯರಿಗೂ ಹಾಗೇ ಹೇಳಿದೆ. ಅವರು ಒಳಗೆ ಹೋಗಿ ಒಂದು ಹಳೇ ಲುಂಗಿ ತಂದುಕೊಟ್ಟರು, ಒರೆಸೋಕೆ. ಪಕ್ಕದ ಗ್ಯಾರೇಜಿನಲ್ಲಿ ಅರ್ಧ ಬಾಟಲಿ ಡೀಸೆಲ್ ಸಿಕ್ಕಿತು. ತರೀಕೆರೆಯ ಧೂಳು, ಸಾಗರದ ಕೆಂಪು ಮಣ್ಣು, ಎಣ್ಣೆ ಎಲ್ಲ ಸೇರಿ ಚೈನು ಕರ್ರಗೆ ಅಂಟಾಗಿತ್ತು. ಡೀಸೆಲ್ಲಿನಲ್ಲಿ ಉಜ್ಜಿ, ಒರೆಸಿ, ಒಣಗಿಸಿ, ಆಮೇಲೆ ಒಂದೊಂದು ಕೊಂಡಿಗೆ ಒಂದೊಂದೇ ಹನಿ ಎಣ್ಣೆ. ನೂರಕ್ಕೂ ಜಾಸ್ತಿ ಕೊಂಡಿ. ಇದಕ್ಕೆ ಅವಸರ ಆಗೋದಿಲ್ಲ. ಕೊನೆಗೆ ಮೇಲಿನ ಎಣ್ಣೆಯನ್ನೆಲ್ಲ ಒರೆಸಿ ತೆಗೆಯಬೇಕು, ಎಣ್ಣೆ ಬೇಕಿರೋದು ಒಳಗೆ, ಹೊರಗಿದ್ದರೆ ಮತ್ತೆ ಮಣ್ಣು ಹಿಡಿಯುತ್ತದೆ.

ಬ್ರೇಕ್ ನೋಡಿದರೆ ಮುಂದಿನ ಪ್ಯಾಡು ಒಂದು ಮಿಲಿಮೀಟರಿಗಿಂತ ತೆಳ್ಳಗಾಗಿತ್ತು. ಹಿಂದಿನ ದಿನ ಮಾವಿನಗುಂಡಿಯಿಂದ ಇಳಿಯುವಾಗ ಸುಟ್ಟ ವಾಸನೆ ಬಂದಿತ್ತು, ಲಾರಿಯದು ಅಂದುಕೊಂಡಿದ್ದೆ. ಬದಲಿಸಿದೆ. ಹಿಂದಿನ ಟೈರಿನಲ್ಲಿ ಕೂದಲೆಳೆಯಷ್ಟು ಸಣ್ಣ ಉಕ್ಕಿನ ತಂತಿ ಕೂತಿತ್ತು. ಒಡೆದ ಲಾರಿ ಟೈರುಗಳಿಂದ ಉದುರುವ ತಂತಿ ಇದು, ಹೆದ್ದಾರಿಯ ಅಂಚಿನಲ್ಲಿ ಬಿದ್ದಿರುತ್ತದೆ. ಟ್ಯೂಬಿಗೆ ಇನ್ನೂ ತಾಗಿರಲಿಲ್ಲ. ಚಿಮಟದಿಂದ ಎಳೆದು ತೆಗೆದೆ.

ಇಷ್ಟಾದ ಮೇಲೆ ಸೈಕಲ್ ನೆಟ್ಟಗೆ ನಿಲ್ಲಿಸಿ, ಸೀಟಿನ ಕೆಳಗಿನ ಕೊಳವೆ ಒರೆಸುತ್ತಿದ್ದೆ. ಅಲ್ಲಿ ಒಂದು ಬಿಳಿ ಗೆರೆ ಇರಬೇಕಿತ್ತು. ಸೀಟಿನ ಎತ್ತರ ಎಷ್ಟು ಅಂತ ಗುರುತಿಗೆ, ಹೊರಡುವ ವಾರ ಮನೆಯಲ್ಲಿ ನೇಲ್ ಪಾಲಿಶ್‌ನಲ್ಲಿ ಎಳೆದಿದ್ದೆ, ಸರಿಯಾಗಿ ಕ್ಲಾಂಪಿನ ಮೇಲಂಚಿಗೆ. ಗೆರೆ ಕಾಣಲಿಲ್ಲ. ಅಳಿಸಿಹೋಗಿರಬೇಕು ಅಂತ ಇನ್ನೂ ಉಜ್ಜಿದೆ. ಆಮೇಲೆ ಅನುಮಾನ ಬಂದು ಕ್ಲಾಂಪು ಸಡಿಲಿಸಿ ಕೊಳವೆ ಮೇಲೆತ್ತಿದೆ. ಗೆರೆ ಒಳಗಿತ್ತು. ಸೀಟು ಒಂದು ಸೆಂಟಿಮೀಟರಿಗೂ ತುಸು ಜಾಸ್ತಿ ಕುಸಿದಿತ್ತು.

ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಮಂಡಿ ನೋವು ಶುರುವಾಗಿದ್ದು ಮೂರನೇ ದಿನ, ಶಿವಮೊಗ್ಗ ದಾಟಿ ಆಯನೂರಿನ ಹತ್ತಿರ. ಆನಂದಪುರದ ಏರಿನಲ್ಲಿ ಹಲ್ಲು ಕಚ್ಚಿ ತುಳಿದಿದ್ದೆ. ದೂರ ಜಾಸ್ತಿಯಾಯಿತು, ವಯಸ್ಸಾಯಿತು, ಅಭ್ಯಾಸ ಸಾಲದಾಯಿತು, ಹೀಗೆ ಏನೇನೋ ಕಾರಣ ಕೊಟ್ಟುಕೊಂಡಿದ್ದೆ. ಚಾರ್ಮಾಡಿ ಬಿಟ್ಟು ಮಂಗಳೂರಿನಿಂದಲೇ ಬಸ್ ಹಿಡಿಯಬೇಕಾಗುತ್ತದೇನೋ ಅಂತ ಹಿಂದಿನ ರಾತ್ರಿ ನಿದ್ದೆ ಬರುವ ಮುಂಚೆ ಲೆಕ್ಕ ಹಾಕಿದ್ದೆ ಕೂಡ. ಸೀಟು ತಗ್ಗಿದ್ದರೆ ಪೆಡಲ್ ಮೇಲೆ ಬಂದಾಗ ಮಂಡಿ ಬೇಕಾದ್ದಕ್ಕಿಂತ ಹೆಚ್ಚು ಮಡಚುತ್ತದೆ, ಭಾರವೆಲ್ಲ ಮಂಡಿ ಚಿಪ್ಪಿನ ಮೇಲೆ ಬೀಳುತ್ತದೆ. ಮುಂಭಾಗದಲ್ಲಿ ನೋವು ಬಂದರೆ ಮೊದಲು ಸೀಟು ತಗ್ಗಾಗಿದೆಯಾ ನೋಡಬೇಕು, ಹಿಂಭಾಗದಲ್ಲಿ ಬಂದರೆ ಎತ್ತರ ಜಾಸ್ತಿ ಆಗಿದೆಯಾ ನೋಡಬೇಕು. ಇದು ನನಗೆ ಗೊತ್ತಿರುವ ವಿಷಯ. ಬೇರೆಯವರಿಗೆ ಹೇಳಿಕೊಟ್ಟಿದ್ದೇನೆ. ಆದರೆ ದಾರಿಯಲ್ಲಿ ಇರುವಾಗ ನೋವನ್ನು ತಡೆದುಕೊಳ್ಳೋಕೆ ಮಾತ್ರ ಪುರುಸೊತ್ತು, ಯಾಕೆ ನೋವು ಅಂತ ನೋಡೋಕೆ ಇರಲಿಲ್ಲ. ಸೀಟು ಒಂದೇ ಸಲ ಕುಸಿದಿದ್ದರೆ ತಿಳಿಯುತ್ತಿತ್ತು. ದಿನಕ್ಕೆ ಎರಡು ಮೂರು ಮಿಲಿಮೀಟರಿನಂತೆ ಇಳಿದಿದ್ದಕ್ಕೆ ಮೈ ಅದಕ್ಕೇ ಹೊಂದಿಕೊಂಡು ಹೋಗಿತ್ತು.

ಕಾರಣವೂ ಸಿಕ್ಕಿತು. ಹೊರಡುವ ಮುಂಚೆ ಸರ್ವೀಸ್ ಮಾಡಿಸಿದಾಗ ಕೊಳವೆಗೆ ಗ್ರೀಸ್ ಹಚ್ಚಿದ್ದರು. ಹಚ್ಚಿದ್ದು ಸರಿಯೇ, ಇಲ್ಲದಿದ್ದರೆ ಕೊಳವೆ ಒಳಗೇ ಕಚ್ಚಿಕೊಳ್ಳುತ್ತದೆ. ಆದರೆ ಕ್ಲಾಂಪಿನ ಬೋಲ್ಟು ಸಾಕಷ್ಟು ಬಿಗಿ ಮಾಡಿರಲಿಲ್ಲ. ಸೀಟಿಗೆ ನೇತುಹಾಕಿದ ಚೀಲದ ತೂಕ, ನನ್ನ ತೂಕ, ರಸ್ತೆಯ ಗುಂಡಿ, ಎಲ್ಲ ಸೇರಿ ಒತ್ತಿತ್ತು. ಕ್ಲಾಂಪಿನ ಜಾಗದಲ್ಲಿ ಹೆಚ್ಚಾದ ಗ್ರೀಸ್ ಒರೆಸಿದೆ, ಗೆರೆ ಮತ್ತೆ ಅಂಚಿಗೆ ತಂದೆ, ಬೋಲ್ಟು ಬಿಗಿ ಮಾಡಿದೆ. ಗೋಡೆ ಹಿಡಿದು ಸೈಕಲ್ ಹತ್ತಿ, ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಕೆಳಗೆ ತಂದರೆ ಕಾಲು ನೆಟ್ಟಗಾಗಬೇಕು, ಸೊಂಟ ವಾಲಬಾರದು. ಸರಿಯಾಗಿತ್ತು. ಕೂತ ಕೂಡಲೇ "ಹಾಂ, ಇದು ನನ್ನ ಸೈಕಲ್ಲು" ಅನ್ನಿಸಿತು.

ಮಧ್ಯಾಹ್ನ ಉಂಡು ಒಂದೂವರೆ ಗಂಟೆ ಮಲಗಿದೆ. ಎದ್ದಾಗ ಮೂರೂವರೆ. ಆ ಹೊತ್ತು ಬಹಳ ಕಷ್ಟವಾಯಿತು. ಮಾಡೋಕೆ ಕೆಲಸ ಇಲ್ಲ, ಮೈ ಭಾರ, ಹೊರಗೆ ಸೆಕೆ. ಮನೆ ಬಹಳ ನೆನಪಾಯಿತು. ಮಗಳು ಶಾಲೆಯಿಂದ ಬರುವ ಹೊತ್ತು. ನಾನು ಯಾಕೆ ಇಲ್ಲಿದ್ದೇನೆ ಅನ್ನೋ ಪ್ರಶ್ನೆ ತುಳಿಯುವಾಗ ಒಮ್ಮೆಯೂ ಬಂದಿರಲಿಲ್ಲ, ಫ್ಯಾನ್ ನೋಡುತ್ತಾ ಮಲಗಿದಾಗ ಬಂತು. ಕಾರವಾರದಿಂದ ಬೆಂಗಳೂರಿಗೆ ಹೋಗುವ ರೈಲು ಹೊನ್ನಾವರದಲ್ಲಿ ನಿಲ್ಲುತ್ತದೆ. ಟಿಕೆಟ್ ಇದೆಯಾ ಅಂತ ಫೋನಿನಲ್ಲಿ ನೋಡಿದೆ. ಇತ್ತು. ಬೆಳಗ್ಗೆ ಮನೆಯಲ್ಲಿ ಇರಬಹುದಿತ್ತು.

ಮೊದಲ ಸಲ ದೂರ ಹೊರಡುವವರಿಗೆ ಇದನ್ನು ಹೇಳಲೇಬೇಕು. ನಿಂತ ದಿನದ ಮಧ್ಯಾಹ್ನ ಮನಸ್ಸು ಹೀಗೆ ಕುಸಿಯುತ್ತದೆ. ನನಗೆ ಪ್ರತಿ ಸಲವೂ ಆಗಿದೆ, ಜೊತೆ ಬಂದ ಗೆಳೆಯರಿಗೂ ಆಗಿದೆ. ಆ ಹೊತ್ತಲ್ಲಿ ಏನೂ ತೀರ್ಮಾನ ಮಾಡಬೇಡಿ. ಏನಾದರೂ ತಿನ್ನಿ, ಸ್ನಾನ ಮಾಡಿ, ಯಾರ ಹತ್ತಿರವಾದರೂ ಮಾತಾಡಿ. ನಾನು ಫೋನ್ ಕೆಳಗಿಟ್ಟು, ತಣ್ಣೀರು ಸುರಿದುಕೊಂಡು, ಕೆಳಗೆ ಹೋಗಿ ಹಿರಿಯರ ಜೊತೆ ಚಹಾ ಕುಡಿದೆ. ಅವರು ತಮ್ಮ ಕಾಲದಲ್ಲಿ ಗೇರುಸೊಪ್ಪೆಯಿಂದ ಪೇಟೆಗೆ ಸೈಕಲ್ಲಿನಲ್ಲೇ ಬರುತ್ತಿದ್ದದ್ದನ್ನು ಹೇಳಿದರು, ಹಿಂದೆ ಎರಡು ಗೊನೆ ಬಾಳೆಕಾಯಿ ಕಟ್ಟಿಕೊಂಡು, ಗೇರ್ ಇಲ್ಲದ ಸೈಕಲ್ಲಿನಲ್ಲಿ.

ಐದು ಗಂಟೆಗೆ ಸೈಕಲ್ ತೆಗೆದೆ. ಪೂರ್ತಿ ಕೂತರೆ ಕಾಲು ಇನ್ನೂ ಬಿಗಿಯುತ್ತದೆ. ಟೂರ್ ಡಿ ಫ್ರಾನ್ಸ್ ಓಡುವವರಿಗೆ ಈಗ 21 ಹಂತಗಳ ನಡುವೆ ಎರಡು ದಿನ ಬಿಡುವು ಇರುತ್ತದೆ, ಅವರೂ ಬಿಡುವಿನ ದಿನ ಒಂದೆರಡು ಗಂಟೆ ಹಗುರವಾಗಿ ತುಳಿದೇ ತುಳಿಯುತ್ತಾರೆ. ನನಗೆ ಅಷ್ಟು ಬೇಡ, ಶರಾವತಿ ಸೇತುವೆ ದಾಟಿ ಕಾಸರಕೋಡಿನವರೆಗೆ, ನಾಲ್ಕೈದು ಕಿಲೋಮೀಟರ್ ಸಾಕು. ಸೀಟು ಸರಿಯಾಗಿದೆಯಾ ಅಂತಲೂ ತಿಳಿಯಬೇಕಿತ್ತು. ಹನ್ನೆರಡು ಕಿಲೋ ಸಾಮಾನು ಇಳಿಸಿದ ಸೈಕಲ್ಲು ಗಾಳಿಪಟದ ಹಾಗೆ ಎಳೆಯುತ್ತಿತ್ತು. ಜೋರಾಗಿ ಬಿಡೋಣ ಅಂತ ಕಾಲು ಕೇಳುತ್ತಿತ್ತು, ಬಿಡಲಿಲ್ಲ. ಹಗುರ ಗೇರಿನಲ್ಲಿ, ಉಸಿರು ಏರದ ಹಾಗೆ. ಮಂಡಿಯಲ್ಲಿ ಸಣ್ಣಗೆ ನೋವಿತ್ತು, ಚುಚ್ಚು ಇರಲಿಲ್ಲ.

ಕಾಸರಕೋಡಿನಲ್ಲಿ ಶರಾವತಿ ಕಾಂಡ್ಲಾ (ಮ್ಯಾಂಗ್ರೋವ್) ವನದ ಮರದ ಹಲಗೆಯ ದಾರಿ ಇದೆ. ಎರಡೂ ಬದಿ ಕಾಂಡ್ಲಾ ಗಿಡಗಳ ಬೇರು ಕೆಸರಿನಿಂದ ಮೇಲೆದ್ದು ನಿಂತಿರುತ್ತವೆ, ನೀರು ಇಳಿದಾಗ ಅವುಗಳ ಸಂದಿಯಲ್ಲಿ ಏಡಿಗಳು ಓಡಾಡುತ್ತವೆ. ಅಲ್ಲಿ ನಿಧಾನ ಒಂದು ಸುತ್ತು ಹಾಕಿ, ಗಾಳಿಮರದ ತೋಪು ದಾಟಿ ಬೀಚಿಗೆ ಬಂದೆ. 2020ರಲ್ಲಿ ನೀಲಿ ಬಾವುಟದ (ಬ್ಲೂ ಫ್ಲ್ಯಾಗ್, ಚೊಕ್ಕಟ ಬೀಚುಗಳಿಗೆ ಕೊಡುವ) ಮಾನ್ಯತೆ ಪಡೆದ ಬೀಚು ಇದು, ನಮ್ಮ ರಾಜ್ಯದಲ್ಲಿ ಆಗ ಇದಕ್ಕೂ ಪಡುಬಿದ್ರಿಗೂ ಸಿಕ್ಕಿತ್ತು. ಮರಳು ಚೊಕ್ಕಟವಾಗಿತ್ತು. ಬೂಟು ಬಿಚ್ಚಿ, ಊದಿದ ಪಾದಗಳನ್ನು ಅಲೆಯಲ್ಲಿಟ್ಟು ಅರ್ಧ ಗಂಟೆ ಕೂತೆ.

ವಾಪಸ್ ಬರುವಾಗ ಸೇತುವೆ ಮೇಲೆ ನಿಲ್ಲಿಸಿದೆ. ಆಚೆ ಕೊಂಕಣ ರೈಲ್ವೆಯ ಸೇತುವೆ, ಆ ಮಾರ್ಗದಲ್ಲೇ ಅತಿ ಉದ್ದದ್ದು, ಎರಡು ಕಿಲೋಮೀಟರಿಗೂ ಜಾಸ್ತಿ. ಕೆಳಗೆ ಶರಾವತಿ ಅಗಲವಾಗಿ, ಸದ್ದೇ ಇಲ್ಲದೆ ಸಮುದ್ರಕ್ಕೆ ಹೋಗುತ್ತಿತ್ತು. ಹಿಂದಿನ ದಿನ ಬೆಳಗ್ಗೆ ಇದೇ ಹೊಳೆಯನ್ನು ಜೋಗದಲ್ಲಿ ನೋಡಿದ್ದೆ. ಜನವರಿಯ ಜೋಗ, ನೀರೆಲ್ಲ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನಿಂತಿರುತ್ತದೆ, ಬಂಡೆಯ ಮೇಲೆ ಬಿಳಿ ನೂಲು ಇಳಿಬಿಟ್ಟ ಹಾಗೆ 253 ಮೀಟರ್ ಬೀಳುತ್ತಿತ್ತು. ಅದು ಒಂದೇ ನೆಗೆತಕ್ಕೆ ಇಳಿದಿದ್ದನ್ನು ನಾನು ಬ್ರೇಕ್ ಹಿಡಿದು ಹಿಡಿದು ಅರ್ಧ ದಿನ ಇಳಿದಿದ್ದೆ. ಆದರೆ ಇಳಿಯುವಾಗ ಹೊಳೆಯ ಕಡೆ ಸರಿಯಾಗಿ ನೋಡಿಯೇ ಇರಲಿಲ್ಲ. ತಿರುವು, ಗುಂಡಿ, ಹಿಂದಿನಿಂದ ಬರುವ ಲಾರಿ, ಇಷ್ಟೇ ಕಣ್ಣಲ್ಲಿತ್ತು. ಹುಟ್ಟುವ ಜಾಗವಾದ ಅಂಬುತೀರ್ಥದಿಂದ ಇಲ್ಲಿಗೆ ಈ ಹೊಳೆ ಬರೋದು 128 ಕಿಲೋಮೀಟರ್. ನಾನು ಒಂದು ದಿನದಲ್ಲಿ ತುಳಿಯಬಹುದಾದ ದೂರ. ಅಷ್ಟರಲ್ಲಿ ಅದು ಎಷ್ಟು ಕೆಲಸ ಮಾಡಿ ಬಂದಿದೆ ಅಂತ ಯೋಚಿಸುತ್ತಾ, ಮೀನು ದೋಣಿಗಳು ಒಂದೊಂದಾಗಿ ಒಳಗೆ ಬರೋದನ್ನು ಕತ್ತಲಾಗುವವರೆಗೆ ನೋಡಿದೆ. ನಾಲ್ಕು ದಿನದಲ್ಲಿ ಒಂದೇ ಕಡೆ ಅಷ್ಟು ಹೊತ್ತು ನಿಂತಿದ್ದು ಅದೇ ಮೊದಲು.

ರಾತ್ರಿ ಗಂಜಿ, ಅಪ್ಪೆಮಿಡಿ ಉಪ್ಪಿನಕಾಯಿ. ಹ್ಯಾಂಡಲ್ಲಿಗೆ ಟೇಪು ಸುತ್ತಿದೆ, ಲೈಟು, ಫೋನು, ಪವರ್ ಬ್ಯಾಂಕ್ ಚಾರ್ಜಿಗೆ ಹಾಕಿದೆ, ಒಣಗಿದ ಬಟ್ಟೆ ಚೀಲಕ್ಕೆ ತುಂಬಿದೆ. ಒಂಬತ್ತಕ್ಕೆ ನಿದ್ದೆ.

ಬೆಳಗ್ಗೆ ನಾಲ್ಕೂವರೆ. ನಾಡಿ 61. ಪಾದದ ಊತ ಇಳಿದಿತ್ತು. ಹಿರಿಯರು ಎದ್ದು ಗೇಟು ತೆಗೆದುಕೊಟ್ಟು, "ಕುಂದಾಪುರಕ್ಕಾ ಇವತ್ತು? ನಿಧಾನ" ಅಂದರು. ಸೇತುವೆ ದಾಟುವಾಗ ಇನ್ನೂ ಕತ್ತಲು, ಕೆಳಗೆ ನೀರು ಕಾಣುತ್ತಿರಲಿಲ್ಲ, ದೋಣಿಯ ದೀಪ ಮಾತ್ರ. ಸಾಮಾನಿನ ಭಾರ ಮತ್ತೆ ಬಂದಿತ್ತು, ಆದರೆ ಕಾಲು ದುಂಡಗೆ ತಿರುಗುತ್ತಿತ್ತು. ಐದು ಕಿಲೋಮೀಟರಿಗೆ ಮಂಡಿ ಕಡೆ ಗಮನ ಕೊಟ್ಟೆ, ಏನೂ ಇಲ್ಲ. ಹತ್ತು ಕಿಲೋಮೀಟರಿಗೆ ಮರೆತೇ ಹೋಗಿತ್ತು.

ಇಡಗುಂಜಿ ಕ್ರಾಸ್ ಬಂದಾಗ ಬೆಳಕು ಹರಿಯುತ್ತಿತ್ತು. ಹೆದ್ದಾರಿಯಿಂದ ಒಳಗೆ ಕೆಲವೇ ಕಿಲೋಮೀಟರ್. ಇವತ್ತು ತುಳಿಯುವ ದಿನ ಅಲ್ವಾ, ತಿರುಗಿಸಿದೆ. ಎರಡೇ ಕೈಯ, ನಿಂತಿರುವ ಗಣಪತಿ. ಕೈ ಮುಗಿದು ಹೊರಗೆ ಬಂದು, ಮೆಟ್ಟಿಲ ಮೇಲೆ ಕೂತು ಪಂಚಕಜ್ಜಾಯ ತಿಂದೆ. ಕಿರುಬೆರಳಿಗೆ ಬೆಲ್ಲದ ಅಂಟು ತಾಗಿದ್ದು ತಿಳಿಯಿತು, ಜೋಮು ಬಿಟ್ಟಿತ್ತು. ಬಾಟಲಿಗೆ ನೀರು ತುಂಬಿಕೊಂಡು ಭಟ್ಕಳದ ಕಡೆ ಹೊರಟೆ.